ದೇವದತ್ತನ ಬೊಜ್ಜು: ಒಂದು ಮೀಮಾಂಸೆ

ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ಅವನು ರಾತ್ರಿ ಉಣ್ಣುತ್ತಿರಲೇಬೇಕು. ಅರ್ಥಾಪತ್ತಿ ಎಂಬ ಪ್ರಮಾಣಕ್ಕೆ, ಅಂದರೆ ಅರಿವಿನ ಸಾಧನಕ್ಕೆ, ನಮ್ಮ ಮೀಮಾಂಸಕರು ಸಾವಿರ ವರ್ಷಕ್ಕೂ ಮೇಲ್ಪಟ್ಟು ಕೊಡುತ್ತ ಬಂದಿರುವ ಉದಾಹರಣೆ ಇದು. ಕುಮಾರಿಲ ಭಟ್ಟರು ಇದನ್ನು ಶ್ಲೋಕಗಳಲ್ಲಿ ಚರ್ಚಿಸಿದರು. ಅರ್ಥಾಪತ್ತಿ ಬೇರೆ ಪ್ರಮಾಣವೇ ಅಲ್ಲ, ಅನುಮಾನದೊಳಗೇ ಅಡಗುತ್ತದೆ ಎಂದು ನೈಯಾಯಿಕರು ವಾದಕ್ಕೆ ನಿಂತರು. ಶತಮಾನಗಟ್ಟಲೆ ತಾಳೆಗರಿ ಸವೆಯಿತು. ಆದರೆ ದೇವದತ್ತ ದಪ್ಪ ಎಂದು ತೀರ್ಮಾನಿಸಿದವರು ಯಾರು, ಯಾವ ಯಂತ್ರದಲ್ಲಿ ತೂಗಿದರು, ಬರಿಹೊಟ್ಟೆಯಲ್ಲೋ ಉಂಡ ಮೇಲೋ ಎಂಬ ಮೂಲಪ್ರಶ್ನೆಯನ್ನು ಎರಡೂ ಪಕ್ಷದವರು ಕೇಳಲಿಲ್ಲ.

ಈ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಸೌಕರ್ಯಕ್ಕಾಗಿ ದೇವದತ್ತನನ್ನು ಬೆಂಗಳೂರಿನ ಜಯನಗರಕ್ಕೆ ಕರೆತಂದು, ಜನವರಿ ತಿಂಗಳಲ್ಲಿ ಒಂದು ಜಿಮ್ಮಿಗೆ ಇಡೀ ವರ್ಷದ ಫೀಸು ಕಟ್ಟಿಸಲಾಗಿದೆ. ಅವನ ಎತ್ತರ 170 ಸೆಂ.ಮೀ., ತೂಕ 75 ಕಿಲೋ, ಸೊಂಟ 96 ಸೆಂ.ಮೀ. ಎಂದಿಟ್ಟುಕೊಳ್ಳೋಣ. ವಯಸ್ಸು ವಿವಾದಾಸ್ಪದ.

ಮೊದಲು ಪ್ರತ್ಯಕ್ಷ ಪ್ರಮಾಣವನ್ನು ತಳ್ಳಿಹಾಕಿಬಿಡಬಹುದು. ಊರಿಗೆ ಹೋದರೆ ಸೋದರತ್ತೆ ‘ಅಯ್ಯೋ, ಎಷ್ಟು ಸೊರಗಿಹೋಗಿದ್ದೀಯೋ ಮಗನೇ’ ಎಂದು ಇನ್ನೆರಡು ಹೋಳಿಗೆ ಬಡಿಸುತ್ತಾರೆ. ಅದೇ ವಾರ ಆಫೀಸಿನ ಕ್ಯಾಂಟೀನಿನಲ್ಲಿ ಗೆಳೆಯ ‘ಏನ್ ಗುರೂ, ಭರ್ತಿ ಹೊಟ್ಟೆ ಬಿಟ್ಟಿದ್ದೀಯ’ ಎನ್ನುತ್ತಾನೆ. ನೋಡಿದ ವಸ್ತು ಒಂದೇ, ಕಂಡದ್ದು ಎರಡು. ಇಂಥ ಪ್ರತ್ಯಕ್ಷದ ಮೇಲೆ ಯಾವ ಶಾಸ್ತ್ರವೂ ನಿಲ್ಲಲಾರದು.

ಮುಂದಿನದು ಅನುಮಾನ. ಅದರ ಆಧುನಿಕ ಹೆಸರು ಬಿಎಂಐ. ತೂಕವನ್ನು ಕಿಲೋದಲ್ಲಿ ತೆಗೆದುಕೊಂಡು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಅಂಕೆ. ಈ ಸೂತ್ರದ ಕರ್ತೃ ವೈದ್ಯನೋ ಪೈಲ್ವಾನನೋ ಆಗಿದ್ದಿರಬೇಕೆಂದು ಊಹಿಸುವವರಿಗೆ ನಿರಾಸೆ ಕಾದಿದೆ. ಅಡಾಲ್ಫ್ ಕೆಟ್ಲೆ, 1796ರಲ್ಲಿ ಗೆಂಟ್ ನಗರದಲ್ಲಿ ಹುಟ್ಟಿದ ಖಗೋಳವಿಜ್ಞಾನಿ, ಬ್ರಸೆಲ್ಸ್ ವೀಕ್ಷಣಾಲಯದ ಮುಖ್ಯಸ್ಥ. ನಕ್ಷತ್ರಗಳ ಲೆಕ್ಕಾಚಾರವನ್ನೇ ಮನುಷ್ಯರ ಮೇಲೂ ಹೂಡಿದ ಈ ಮಹಾಶಯ 5,738 ಸ್ಕಾಟಿಷ್ ಸೈನಿಕರ ಎದೆಸುತ್ತಳತೆಯನ್ನೂ ಬಿಡದೆ ವಿಶ್ಲೇಷಿಸಿದ. ಬೆಳೆದ ಮನುಷ್ಯರ ತೂಕ ಎತ್ತರದ ವರ್ಗಕ್ಕೆ ಹೊಂದಿಕೊಂಡು ಹೋಗುತ್ತದೆ ಎಂಬುದನ್ನು ಅವನು 1835ರ ಗ್ರಂಥದಲ್ಲಿ ಗುರುತಿಸಿದ್ದು ‘ಸರಾಸರಿ ಮನುಷ್ಯ’ ಎಂಬಾತನನ್ನು ಹುಡುಕುವ ಭರದಲ್ಲಿ. ಯಾರ ಬೊಜ್ಜನ್ನೂ ಅಳೆಯುವ ಉದ್ದೇಶ ಅವನಿಗಿರಲಿಲ್ಲ. ಸರಾಸರಿ ಮನುಷ್ಯ ಯಾವ ಜಿಮ್ಮಿಗೂ ಸೇರಿದ ದಾಖಲೆಯಿಲ್ಲ.

ಅಲ್ಲಿಂದ ಸೂತ್ರ ನೂರಕ್ಕೂ ಹೆಚ್ಚು ವರ್ಷ ಮಲಗಿತ್ತು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಅಳತೆ ಮುಂದಿಟ್ಟುಕೊಂಡು ಅದಕ್ಕೆ ಇಂದಿನ ಹೆಸರಿಟ್ಟರು. ಎರಡನೇ ಮಹಾಯುದ್ಧದಲ್ಲಿ ಸೈನಿಕರ ಕೆ-ರೇಷನ್ ಪೊಟ್ಟಣ ರೂಪಿಸಿದವರೂ ಇದೇ ಕೀಸ್. ಜನಸಮೂಹಗಳ ಅಧ್ಯಯನಕ್ಕೆ ಈ ಸೂಚ್ಯಂಕ ಸಾಕಷ್ಟಾಯಿತು, ಇದಕ್ಕಿಂತ ಉತ್ತಮವಾದದ್ದು ಸದ್ಯಕ್ಕಿಲ್ಲ ಎಂಬಷ್ಟೇ ಅವರ ಹೊಗಳಿಕೆ. ಗಂಡಸರನ್ನಷ್ಟೇ ಅಳೆದು ಮಾಡಿದ ಹೊಗಳಿಕೆಯನ್ನು ಮನೆಮಂದಿಗೆಲ್ಲ ಅನ್ವಯಿಸಿದ್ದು ಅನಂತರದ ಭಾಷ್ಯಕಾರರ ಸಾಹಸ.

ಈಗ ದೇವದತ್ತನನ್ನು ಸೂತ್ರಕ್ಕೆ ಒಡ್ಡೋಣ. 75 ಭಾಗಿಸು 2.89, ಅಂದರೆ ಸುಮಾರು 26. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿಯಲ್ಲಿ 25 ದಾಟಿದವರು ಅಧಿಕ ತೂಕದವರು, 30 ದಾಟಿದವರು ಬೊಜ್ಜುಳ್ಳವರು. ಭಾರತೀಯ ತಜ್ಞರ 2009ರ ಒಮ್ಮತದ ಪಟ್ಟಿಯಲ್ಲಿ 23ಕ್ಕೇ ತೂಕ ಹೆಚ್ಚು, 25ಕ್ಕೇ ಬೊಜ್ಜು. ಹಾಗಾಗಿ ಬ್ರಸೆಲ್ಸಿನಲ್ಲಿ ವಿಮಾನ ಹತ್ತುವಾಗ ಬರೀ ತೂಕ ಹೆಚ್ಚಿದ್ದ ದೇವದತ್ತ ದೇವನಹಳ್ಳಿಯಲ್ಲಿ ಇಳಿಯುವಾಗ ಬೊಜ್ಜುಗಾರನಾಗಿರುತ್ತಾನೆ. ವಿಮಾನದ ಊಟವನ್ನು ಮುಟ್ಟದಿದ್ದರೂ ಸರಿಯೇ.

ಅಮೆರಿಕದಲ್ಲಿ ಇನ್ನೂ ವಿಚಿತ್ರ ನಡೆದಿದೆ. ಅಲ್ಲಿ 1998ರವರೆಗೆ ಗಂಡಸರ ಗೆರೆ 27.8ರಲ್ಲಿತ್ತು. ಆ ವರ್ಷ ಅದನ್ನು 25ಕ್ಕೆ ಇಳಿಸಿದರು. ಹಿಂದಿನ ದಿನ ಸರಿಯಾಗಿದ್ದ ಕೋಟಿಗಟ್ಟಲೆ ಜನ ಮರುದಿನ ತೂಕ ಹೆಚ್ಚಿದವರಾಗಿ ಎದ್ದರು. ಪಂಡಿತರು ಇದನ್ನು ಗಮನಿಸಬೇಕು. ಹಗಲೂ ಉಣ್ಣದೆ, ರಾತ್ರಿಯೂ ಉಣ್ಣದೆ ದೇವದತ್ತ ದಪ್ಪವಾಗಬಹುದು! ಸಾವಿರ ವರ್ಷದ ಅರ್ಥಾಪತ್ತಿಯನ್ನು ಒಂದು ಸರ್ಕಾರಿ ಮಾರ್ಗಸೂಚಿ ಒಂದೇ ರಾತ್ರಿಯಲ್ಲಿ ಮುರಿದುಹಾಕಿತು. ನೈಯಾಯಿಕರ ಕೈಯಲ್ಲಿ ಆಗದ್ದು.

ಬಿಎಂಐಗೆ ಮಾಂಸ ಯಾವುದು, ಕೊಬ್ಬು ಯಾವುದು ಎಂಬ ಭೇದಜ್ಞಾನವಿಲ್ಲ. ಅದು ಶುದ್ಧ ಅದ್ವೈತಿ. ಈ ಅದ್ವೈತವನ್ನು ನೀರಿನಲ್ಲಿ ಮುಳುಗಿಸಿದವರು ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕಿ. 1942ರಲ್ಲಿ ಅವರು 25 ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ನೀರೊಳಗೆ ತೂಗಿದರು. ಎತ್ತರ-ತೂಕದ ಕೋಷ್ಟಕದ ಪ್ರಕಾರ ಅವರಲ್ಲಿ 17 ಮಂದಿ ದಢೂತಿಗಳು, ಸೇನೆಗೆ ನಾಲಾಯಕ್ಕು. ನೀರು ಹೇಳಿದ್ದೇ ಬೇರೆ: ಅದು ಬೊಜ್ಜಲ್ಲ, ಬಹುಪಾಲು ಮಾಂಸಖಂಡ. ಕೊಬ್ಬಿನ ಸಾಂದ್ರತೆ ಸುಮಾರು 0.9, ಉಳಿದ ದೇಹದ್ದು 1.1, ಆದ್ದರಿಂದ ಕೊಬ್ಬಿದವನು ತೇಲುತ್ತಾನೆ, ಗಟ್ಟಿಗ ಮುಳುಗುತ್ತಾನೆ. ಪೂರ್ತಿ ಉಸಿರು ಬಿಟ್ಟು ನೀರಿನಡಿ ಅಲುಗದೆ ಕೂರಬೇಕಾದ ಈ ವಿಧಾನಕ್ಕೆ ದೇವದತ್ತ ಒಪ್ಪಲಿಲ್ಲ. ಎಕ್ಸ್-ರೇ ಹಾಯಿಸಿ ಕೊಬ್ಬನ್ನು ಅಳೆಯುವ ಡೆಕ್ಸಾ ಸ್ಕ್ಯಾನಿಗೆ ದುಡ್ಡು ಬಿಚ್ಚಲು ಅವನ ಹೆಂಡತಿ ಒಪ್ಪಲಿಲ್ಲ.

ಹೀಗಾಗಿ ಅವನು ಜಿಮ್ಮಿನ ಯಂತ್ರದ ಮೇಲೆ ಬರಿಗಾಲಲ್ಲಿ ನಿಂತಿದ್ದಾನೆ. ಈ ಯಂತ್ರದ ಗುಟ್ಟನ್ನು ಸ್ವಲ್ಪ ವಿಸ್ತಾರವಾಗಿ ಬಿಡಿಸಬೇಕು. ಅದು ಅಂಗಾಲಿನ ಮೂಲಕ ಗೊತ್ತೇ ಆಗದಷ್ಟು ಸಣ್ಣ ವಿದ್ಯುತ್ ಹರಿಸುತ್ತದೆ. ನೀರಿರುವ ಮಾಂಸಖಂಡದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡವರಿಸುತ್ತದೆ. ಯಂತ್ರ ಅಳೆಯುವುದು ಈ ತಡೆಯನ್ನು ಮಾತ್ರ. ತಡೆಯಿಂದ ದೇಹದ ನೀರನ್ನು ಅನುಮಾನಿಸುತ್ತದೆ. ಕೊಬ್ಬಿಲ್ಲದ ದೇಹದಲ್ಲಿ ಸುಮಾರು ಶೇ. 73 ನೀರು ಎಂದು ನಂಬಿ, ನೀರಿನಿಂದ ಮಾಂಸಮೂಳೆಗಳನ್ನು ಅನುಮಾನಿಸುತ್ತದೆ. ತೂಕದಿಂದ ಅದನ್ನು ಕಳೆದು ಕೊಬ್ಬನ್ನು ಅನುಮಾನಿಸುತ್ತದೆ. ಹೊಗೆ ಕಂಡು ಬೆಂಕಿಯನ್ನು ಊಹಿಸಿ ಅಲ್ಲಿಗೇ ನಿಲ್ಲುತ್ತಿದ್ದ ಪ್ರಾಚೀನರು ಎಷ್ಟು ಸಂಕೋಚದವರು! ಇಲ್ಲಿ ಬೆಂಕಿಯಿಂದ ಅಡುಗೆ, ಅಡುಗೆಯಿಂದ ಅತಿಥಿ, ಅತಿಥಿಯಿಂದ ಅವನ ಗೋತ್ರದವರೆಗೂ ಹೋಗಿ, ಉತ್ತರವನ್ನು ದಶಮಾಂಶ ಸಹಿತ ಮುದ್ರಿಸಿ ಕೊಡುತ್ತಾರೆ.

ಪರಿಣಾಮಗಳು ಸ್ವಾರಸ್ಯಕರ. ಯಂತ್ರ ಹತ್ತುವ ಮುಂಚೆ ಅರ್ಧ ಲೀಟರು ನೀರು ಕುಡಿದರೆ ತೂಕ ಅರ್ಧ ಕಿಲೋ ಏರುತ್ತದೆ, ಕಾಲಿನ ತಡೆ ಬದಲಾಗುವುದಿಲ್ಲ. ಆದ್ದರಿಂದ ಯಂತ್ರ ಆ ನೀರಿನ ಬಹುಭಾಗವನ್ನು ಕೊಬ್ಬಿನ ಖಾತೆಗೆ ಬರೆಯುತ್ತದೆ. ಬೆವರು ಸುರಿಸಿ ಬಂದರೆ ದೇಹದ ನೀರು ಇಳಿದು ತಡೆ ಏರಬೇಕು, ಚರ್ಮ ಬಿಸಿಯಾಗಿ ತಡೆ ಇಳಿಯಬೇಕು. ಎರಡರಲ್ಲಿ ಯಾವುದು ಗೆದ್ದಿತೆಂಬುದು ಆ ದಿನದ ಭವಿಷ್ಯಕ್ಕೆ ಬಿಟ್ಟದ್ದು. ಬರೀ ಕಾಲಿಗೆ ಮಾತ್ರ ಪಟ್ಟಿಯಿರುವ ಯಂತ್ರದಲ್ಲಿ ವಿದ್ಯುತ್ ಒಂದು ಕಾಲಲ್ಲಿ ಏರಿ ಇನ್ನೊಂದರಲ್ಲಿ ಇಳಿದುಬಿಡುತ್ತದೆ, ವಿವಾದದ ಕೇಂದ್ರವಾದ ಹೊಟ್ಟೆಯ ಕಡೆಗೆ ಹೆಚ್ಚುಕಡಿಮೆ ಸುಳಿಯುವುದೇ ಇಲ್ಲ. ಕೆಲವು ಯಂತ್ರಗಳಲ್ಲಿ ‘ಅಥ್ಲೀಟ್’ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ಒಳಗಿನ ಸೂತ್ರ ಬದಲಾಗಿ ಕೊಬ್ಬಿನ ಶೇಕಡಾವಾರು ಅಲ್ಲೇ ಕೆಳಗಿಳಿಯುತ್ತದೆ. ಒಂದು ಬೆರಳಿನ ವ್ಯಾಯಾಮಕ್ಕೆ ಇಷ್ಟು ಫಲ ಬೇರೆಲ್ಲೂ ಇಲ್ಲ.

ಕೊನೆಯದು ಶಬ್ದಪ್ರಮಾಣ, ಅರ್ಥಾತ್ ಟ್ರೈನರ್. ತಿಂಗಳುಗಟ್ಟಲೆ ಬಸ್ಕಿ ಹೊಡೆದರೂ ತೂಕ ಇಳಿಯದ್ದನ್ನು ಕಂಡು ಮುಖ ಬಾಡಿಸಿಕೊಂಡ ದೇವದತ್ತನಿಗೆ ಆಪ್ತವಾಕ್ಯ ಹೀಗೆ: ‘ತೂಕ ಬಿಡಿ ಸಾರ್, ಫ್ಯಾಟ್ ಹೋಗಿದೆ, ಮಸಲ್ ಬಂದಿದೆ.’ ವ್ಯಾಯಾಮ ಮಾಡುತ್ತಾನೆ, ತೂಕ ಇಳಿದಿಲ್ಲ; ಆದ್ದರಿಂದ ಮಾಂಸಖಂಡ ಬಂದಿರಲೇಬೇಕು. ಇದೂ ಅರ್ಥಾಪತ್ತಿಯೇ, ಮತ್ತು ಪೂರಾ ಸುಳ್ಳೂ ಅಲ್ಲ. ಹೊಸದಾಗಿ ಭಾರ ಎತ್ತುವವರಲ್ಲಿ ಕೊಬ್ಬು ಕರಗುವಾಗಲೇ ಮಾಂಸಖಂಡ ಬೆಳೆಯುವುದುಂಟು. ಅದರೊಳಗೆ ಕೂಡಿಡುವ ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದುಕೊಳ್ಳುತ್ತದೆ. ಆದರೆ ದೇವದತ್ತ ಜಿಮ್ಮಿನಿಂದ ನೇರ ದರ್ಶಿನಿಗೆ ಹೋಗುತ್ತಾನೆ ಎಂಬ ಮಾಹಿತಿ ಟ್ರೈನರಿಗಿಲ್ಲ. ಮುಕ್ಕಾಲು ಗಂಟೆಯ ಬಿರುಸು ನಡಿಗೆಗೆ ಖರ್ಚಾಗುವುದು ಸುಮಾರು 200 ಕ್ಯಾಲರಿ. ಬೆಣ್ಣೆ ಹಾಕಿದ ಒಂದು ಮಸಾಲೆದೋಸೆ ಅಷ್ಟನ್ನೂ ತೀರಿಸಿ ಮೇಲೆ ಬಡ್ಡಿ ಕೊಡುತ್ತದೆ. ಕುಮಾರಿಲರೇ ಇಲ್ಲಿ ಸರಿ. ರಾತ್ರಿ ಎಂಬಲ್ಲಿ ಬೆಳಗಿನ ಏಳೂವರೆ ಎಂದು ಪಾಠಾಂತರ ಮಾಡಿಕೊಂಡರೆ ಸಾಕು.

ಇಷ್ಟು ಹೊತ್ತೂ ಪ್ರಬಂಧದ ಮೂಲೆಯಲ್ಲಿ ಕಡಲೆಕಾಯಿ ತಿನ್ನುತ್ತ ಕುಳಿತಿರುವವನು ಯಜ್ಞದತ್ತ. ಶಾಸ್ತ್ರಗ್ರಂಥಗಳಲ್ಲಿ ದೇವದತ್ತನ ಜೋಡಿ. ಹಗಲೂ ಉಣ್ಣುತ್ತಾನೆ, ರಾತ್ರಿಯೂ ಉಣ್ಣುತ್ತಾನೆ, ತೆಳ್ಳಗಿದ್ದಾನೆ. ಅವನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರದೇ ಚಿತ್ರ ಅಚ್ಚು ಹಾಕಿಸುವವರೆಗೆ. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ಒಬ್ಬರು ಮ್ಯಾರಥಾನ್ ಓಡುವವರು. ಇನ್ನೊಬ್ಬರ ಮುಖ್ಯ ವ್ಯಾಯಾಮ ಮುಚ್ಚಿಕೊಳ್ಳುವ ಲಿಫ್ಟಿನ ಬಾಗಿಲಿಗೆ ಓಡುವುದು ಎಂದು ಲೇಖಕರೇ ತಮಾಷೆ ಮಾಡಿದ್ದಾರೆ. ಕಾರಣ ಅಷ್ಟೇ ಅಲ್ಲ. ಭಾರತೀಯರಲ್ಲಿ ಹುಟ್ಟುವ ಮಗು ತೂಕದಲ್ಲಿ ಹಗುರವಿದ್ದರೂ ಕೊಬ್ಬನ್ನು ಮಾತ್ರ ಉಳಿಸಿಕೊಂಡೇ ಬರುತ್ತದೆ ಎಂಬುದು ಯಾಜ್ಞಿಕರ ತಂಡ ತೋರಿಸಿಕೊಟ್ಟ ಮಾತು. ಭಾರತದ ಗೆರೆಗಳು ಕೆಳಗಿರುವುದು ಇದಕ್ಕೇ. ತೆಳ್ಳಗಿದ್ದೂ ಸಕ್ಕರೆ ಕಾಯಿಲೆ ಬಂದವರು ಪ್ರತಿ ಬೀದಿಯಲ್ಲಿ ಸಿಗುವುದಕ್ಕೂ ಇದೊಂದು ಕಾರಣ.

ಇನ್ನು ಸಿದ್ಧಾಂತ. ಬಿಎಂಐ ಒಂದನ್ನೇ ನಂಬಿ ಒಬ್ಬ ವ್ಯಕ್ತಿಯ ಬೊಜ್ಜನ್ನು ನಿರ್ಣಯಿಸಬಾರದು ಎಂದು 2025ರಲ್ಲಿ ಲ್ಯಾನ್ಸೆಟ್ ಆಯೋಗವೂ ಹೇಳಿತು. ಕರ್ನಾಟಕದಲ್ಲಿ ಇದಕ್ಕೆ ಪರಂಪರಾಗತ ಉಪಕರಣವಿದೆ: ಉಡುದಾರ. ಪ್ಯಾಂಟಿನ ಗುಂಡಿಯಂತೆ ಅದೂ ಬಿಗಿಯಾಗಿ ಎಚ್ಚರಿಸುತ್ತದೆ. ಪಂಚೆಯಾದರೋ ಎಷ್ಟು ಹೊಟ್ಟೆಗೂ ಒಗ್ಗಿಕೊಂಡು ಸಾಕ್ಷ್ಯ ನಾಶ ಮಾಡುವುದರಿಂದ ಪ್ರಮಾಣಬಾಹಿರ. ಆದರೆ ಹೊಟ್ಟೆ ಬೆಳೆದಂತೆ ಉಡುದಾರ ಸದ್ದಿಲ್ಲದೆ ಅದರ ಕೆಳಗೆ ಜಾರಿಕೊಳ್ಳುತ್ತದೆ ಎಂಬ ಆಕ್ಷೇಪ ಬಲವಾಗಿರುವುದರಿಂದ ಟೈಲರ್ ಟೇಪೇ ಗ್ರಾಹ್ಯ. ಕಟ್ಟಕಡೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ ನೋಡಬೇಕು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಭಾರತೀಯ ಮಿತಿ. ಯಂತ್ರವನ್ನೂ ಬಿಡಲಾರದವರು ಅದೇ ಯಂತ್ರ, ಬೆಳಗಿನ ಅದೇ ಹೊತ್ತು, ಬರಿಹೊಟ್ಟೆ ಎಂಬ ನೇಮ ಪಾಲಿಸಿ, ಒಂದು ದಿನದ ಅಂಕೆಯನ್ನು ಬಿಟ್ಟು ತಿಂಗಳುಗಳ ಇಳಿಜಾರನ್ನು ನೋಡತಕ್ಕದ್ದು.

ದೇವದತ್ತನ ತೂಕ ಈಗಲೂ 75 ಕಿಲೋ, ಬಿಎಂಐ ಈಗಲೂ 26, ಸೊಂಟ 91. ದೋಸೆಯನ್ನು ವಾರಕ್ಕೊಂದಕ್ಕೆ ಇಳಿಸಿದ ಮೇಲಿನ ಲೆಕ್ಕ ಇದು. ಅವನು ಜಿಮ್ಮು ಬಿಡಬೇಕಾಗಿಲ್ಲ. ಯಜ್ಞದತ್ತ ಕಡಲೆಕಾಯಿ ಕೆಳಗಿಟ್ಟು ನಾಳೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿಕೊಂಡು ಬರತಕ್ಕದ್ದು.