ತಿಂಗಳ ಬಾಡಿಗೆಗೆ ಆಕಾಶ

ಹೊಸದಾಗಿ ಕ್ಯಾಮೆರಾ ಕೊಂಡವನು ಮೊದಲ ತಿಂಗಳು ಫೋಟೊ ತೆಗೆಯುವುದಿಲ್ಲ. ಮುಂದೆಂದೋ ತೆಗೆಯಲಿರುವ ಫೋಟೊಗಳನ್ನು ಯಾವ ಸಾಫ್ಟ್‌ವೇರ್‌ನಲ್ಲಿ ತಿದ್ದಬೇಕು ಎಂದು ಊರೆಲ್ಲ ವಿಚಾರಿಸುತ್ತಿರುತ್ತಾನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡಿದ್ದೇವೆ. ಇವನು ಆ ಕೂಸಿನ ಮೊಡವೆಗೆ ಮುಲಾಮು ಹುಡುಕುತ್ತಿದ್ದಾನೆ.

ಸಲಹೆಗೇನೂ ಬರವಿಲ್ಲ. ಎಲ್ಲರ ಬಾಯಲ್ಲೂ ಮೊದಲು ಬರುವುದು ಫೋಟೊಶಾಪ್. 1990ರಲ್ಲಿ ಹುಟ್ಟಿದ ಇದನ್ನು 2012ರ ಸಿಎಸ್6 ತನಕ ದುಡ್ಡು ಕೊಟ್ಟು ಮನೆಗೆ ತಂದು ಇಟ್ಟುಕೊಳ್ಳಬಹುದಿತ್ತು. 2013ರಲ್ಲಿ ಅದರ ಒಡೆಯರಾದ ಅಡೋಬಿಯವರು ಹೊಸ ಆವೃತ್ತಿಗಳನ್ನು ಮಾರುವ ಪದ್ಧತಿಗೆ ಕೈಮುಗಿದು ಬಾಡಿಗೆಗೆ ಮಾತ್ರ ಕೊಡತೊಡಗಿದರು. ಕಟ್ಟುವಷ್ಟು ದಿನ ತಿದ್ದಿ, ನಿಲ್ಲಿಸಿದ ದಿನ ಬಾಗಿಲು ಬಂದ್. ಹತ್ತು ತಿಂಗಳ ಅಡ್ವಾನ್ಸ್ ಕೇಳುವುದಿಲ್ಲ ಎಂಬುದಷ್ಟೇ ಬೆಂಗಳೂರಿನವರಿಗೆ ಸಮಾಧಾನ. ‘ಹಾಗಾದರೆ ಅವರದೇ ಲೈಟ್‌ರೂಮ್?’ ಎಂದು ಕೇಳಿ ನೋಡಿ, ‘ಯಾವ ಲೈಟ್‌ರೂಮ್?’ ಎಂಬ ಮರುಪ್ರಶ್ನೆ ಬರುತ್ತದೆ. 2017ರಿಂದ ಅವು ಎರಡು: ಕ್ಲಾಸಿಕ್ ಎನ್ನುವುದೊಂದು, ಕ್ಲೌಡಿಗೆ ಜೋತುಬಿದ್ದದ್ದು ಇನ್ನೊಂದು. ಎರಡಕ್ಕೂ ಏನು ವ್ಯತ್ಯಾಸ ಎಂದು ವಿವರಿಸುವ ವಿಡಿಯೊಗಳನ್ನು ನೋಡಿ ಮುಗಿಸುವಷ್ಟರಲ್ಲಿ ಮೊದಲ ತಿಂಗಳ ಬಾಡಿಗೆ ಕರಗಿರುತ್ತದೆ.

ಬಾಡಿಗೆ ಒಲ್ಲದವರಿಗೆ ನಮ್ಮಲ್ಲಿ ಹಳೆಯ ಪರಿಹಾರವಿದೆ: ಕ್ರ್ಯಾಕ್. ಕ್ಯಾಮೆರಾಗೆ ಇಎಂಐ, ಲೆನ್ಸಿಗೆ ಇನ್ನೊಂದು ಇಎಂಐ ಕಟ್ಟುವ ಮನುಷ್ಯ ಸಾಫ್ಟ್‌ವೇರ್ ಮಾತ್ರ ಕದ್ದದ್ದೇ ಬೇಕೆನ್ನುತ್ತಾನೆ. ಗೆಳೆಯನ ಪೆನ್‌ಡ್ರೈವ್ ಚುಚ್ಚಿ, ಆಂಟಿವೈರಸ್ ಆಫ್ ಮಾಡಿ, ಲ್ಯಾಪ್‌ಟಾಪನ್ನು ದೇವರ ಮೇಲೆ ಬಿಟ್ಟು ಇನ್‌ಸ್ಟಾಲ್ ಮಾಡುತ್ತಾನೆ. ಆಮೇಲೆ ಆ ಕದ್ದ ಸಾಫ್ಟ್‌ವೇರ್‌ನಲ್ಲೇ ಕೂತು, ತಾನು ತೆಗೆದ ಮಿಂಚುಳ್ಳಿಯ ಚಿತ್ರವನ್ನು ಯಾರೂ ಕದಿಯದಿರಲೆಂದು ಆ ಹಕ್ಕಿಗಿಂತ ದೊಡ್ಡ ವಾಟರ್‌ಮಾರ್ಕ್ ಹಾಕುತ್ತಾನೆ.

ಪುಕ್ಕಟೆ ಸಾಫ್ಟ್‌ವೇರ್ ಇಲ್ಲವೆಂದಲ್ಲ. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಬರೆದ ಗಿಂಪ್ 1996ರಿಂದ ಬಿಟ್ಟಿಯಾಗಿ ಸಿಗುತ್ತಿದೆ. 2.0ರಿಂದ 3.0ಕ್ಕೆ ಬರಲು ಅದು 21 ವರ್ಷ ತೆಗೆದುಕೊಂಡಿತು, 2004ರಿಂದ 2025ರವರೆಗೆ. ಅದರ ಭಕ್ತರೂ ಅಷ್ಟೇ ನಿಧಾನಸ್ಥರು, ಅಷ್ಟೇ ಹಟಮಾರಿಗಳು. ನೀವು ಕೇಳಿದ್ದು ಚಿತ್ರದ ಬೆಳಕು ಹೆಚ್ಚಿಸುವುದು ಹೇಗೆಂದು. ಅವರು ನಿಮ್ಮ ಕಂಪ್ಯೂಟರಿನಿಂದ ವಿಂಡೋಸ್ ತೆಗೆಸುವವರೆಗೆ ಬಿಡುವುದಿಲ್ಲ.

ಇನ್ನು ‘ರಾ’, ಅಂದರೆ ಕ್ಯಾಮೆರಾ ಕಂಡದ್ದನ್ನು ಕಂಡ ಹಾಗೇ ಇಡುವ ಕಡತದ ಉಪದೇಶ. ಜೆಪೆಗ್‌ನಲ್ಲಿ ತೆಗೆಯುವವನು ಛಾಯಾಗ್ರಾಹಕನೇ ಅಲ್ಲ ಎಂದು ಗುರುಗಳು ಮೊದಲ ದಿನವೇ ಹೇಳಿರುತ್ತಾರೆ. ಲೆಕ್ಕವೇನೋ ಸರಿ. 14 ಬಿಟ್‌ನ ರಾ ಕಡತದಲ್ಲಿ ಒಂದೊಂದು ಬಣ್ಣಕ್ಕೂ 16,384 ಮೆಟ್ಟಿಲು, ಜೆಪೆಗ್‌ನಲ್ಲಿ ಬರೀ 256. ನೆರಳಲ್ಲಿ ಮುಳುಗಿದ ಮುಖವನ್ನು ರಾದಲ್ಲಿ ಎತ್ತಿದರೆ ಮುಖ ಬರುತ್ತದೆ, ಜೆಪೆಗ್‌ನಲ್ಲಿ ಎತ್ತಿದರೆ ಮುಖದ ಜೊತೆ ಮರಳೂ ಬರುತ್ತದೆ. ಹೀಗೆ ಜತನದಿಂದ ಕಾಪಾಡಿದ ಅಷ್ಟೂ ಮೆಟ್ಟಿಲುಗಳನ್ನು ಶಿಷ್ಯ ಕೊನೆಗೆ ಎಲ್ಲಿಗೆ ಕಳಿಸುತ್ತಾನೆ? ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಿಗೆ. ವಾಟ್ಸ್‌ಆ್ಯಪ್ ಅದನ್ನು ಹಿಂಡಿ ಹಿಪ್ಪೆ ಮಾಡಿ ದಾಟಿಸುತ್ತದೆ. ದೊಡ್ಡಮ್ಮ ‘ಸೂಪರ್ ಪುಟ್ಟ’ ಎನ್ನುತ್ತಾರೆ. ದೊಡ್ಡಮ್ಮ ಎಲ್ಲದಕ್ಕೂ ಹಾಗೇ ಎನ್ನುತ್ತಾರೆ.

ಸಾಫ್ಟ್‌ವೇರ್ ಕೈಗೆ ಬಂದ ಮೇಲಿನ ಪ್ರತಾಪ ನೋಡಬೇಕಾದರೆ ನಂದಿಬೆಟ್ಟಕ್ಕೆ ಹೋಗಿ. ಮಂಜು ಸಿಗಲೆಂದು ನಸುಕಿನಲ್ಲೇ ಎದ್ದು, ಕೆಳಗಿನ ಗೇಟಿನಲ್ಲಿ ಕಾರುಗಳ ಸಾಲಿನಲ್ಲಿ ಕಾದು, ಮೇಲೇರಿ ಮಂಜಿನ ಚಿತ್ರ ತೆಗೆದ ಪುಣ್ಯಾತ್ಮ, ಮನೆಗೆ ಬಂದು ಮೊದಲು ಎಳೆಯುವುದು ಡಿಹೇಜ್ ಸ್ಲೈಡರನ್ನು. ಅದರ ಕೆಲಸವೇ ಮಂಜು ತೆಗೆಯುವುದು. ಈಗ ಚಿತ್ರದಲ್ಲಿ ಉಳಿದಿರುವುದು ಕಪ್ಪು ಕಲ್ಲು, ರೇಲಿಂಗು, ರೇಲಿಂಗಿಗೆ ಒರಗಿದವರ ಬೆನ್ನುಗಳು.

ಹಂಪಿಯ ಕಥೆ ಇದಕ್ಕಿಂತ ಘನವಾದದ್ದು. 2020ರಲ್ಲಿ ಫೋಟೊಶಾಪ್‌ಗೆ ಆಕಾಶ ಬದಲಿಸುವ ಗುಂಡಿ ಬಂತು. ನೀವು ಹೋದ ದಿನ ಮೋಡವಿತ್ತೇ, ಪರವಾಗಿಲ್ಲ, ಬೇರೆ ಯಾರದೋ ಊರಿನ ಸೂರ್ಯನನ್ನು ತಂದು ಅಂಟಿಸಬಹುದು. ಅಂದಿನಿಂದ ವಿರೂಪಾಕ್ಷ ಗುಡಿಯ ದೊಡ್ಡ ಗೋಪುರದ ಬೆನ್ನಿಗೆ ಸೂರ್ಯ ಹುಟ್ಟುತ್ತಿದ್ದಾನೆ. ಗುಡಿ ಪೂರ್ವಾಭಿಮುಖ, ಬಜಾರಿನಲ್ಲಿ ನಿಂತು ಗೋಪುರ ನೋಡುವವನು ಪಶ್ಚಿಮಕ್ಕೆ ಮುಖ ಮಾಡಿರುತ್ತಾನೆ. ಆದರೂ ಚಿತ್ರದ ಕೆಳಗೆ ‘ಹಂಪಿಯ ಶುಭೋದಯ’. ಮುಂಜಾನೆಯ ಎಳೆಬಿಸಿಲು ಗೋಪುರದ ಎದೆಗೆ ಹೊಡೆಯುತ್ತಿದೆ, ಬೆನ್ನಿಗೆ ಇನ್ನೊಬ್ಬ ಸೂರ್ಯ ಉರಿಯುತ್ತಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲೂ ಹಂಪಿಗೆ ಇಷ್ಟು ವೈಭವವಿರಲಿಲ್ಲ.

ತಿದ್ದುವುದೇ ಪಾಪವೆನ್ನುವ ಮಡಿವಂತರ ಪಂಗಡ ನನ್ನದಲ್ಲ. ಫೋಟೊಶಾಪ್‌ನ ಡಾಡ್ಜ್ ಮತ್ತು ಬರ್ನ್ ಎರಡೂ ಡಾರ್ಕ್‌ರೂಮಿನ ಕೂಸುಗಳು. ಎನ್‌ಲಾರ್ಜರ್ ಬೆಳಕಿಗೆ ಕೈ ಅಡ್ಡ ಹಿಡಿದು ಒಂದು ಕಡೆ ತಿಳಿ, ಇನ್ನೊಂದು ಕಡೆ ಗಾಢ ಮಾಡುವುದು ಹಳಬರ ದಿನಗೂಲಿ. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಸಿಡುಬಿನ ಕಲೆ ಮಾಯ ಮಾಡುವ ರೀಟಚರ್‌ಗಳೂ ಸ್ಟುಡಿಯೊಗಳಲ್ಲಿದ್ದರು. ಕೈ ನೋಯುತ್ತಿದ್ದುದರಿಂದ ಒಂದು ಮಿತಿ ಇತ್ತು. ಸ್ಲೈಡರ್ ಎಳೆಯಲು ಯಾವ ಬೆರಳು ನೊಂದೀತು? ‘ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ’ ಎಂದು ಗಿರಾಕಿ ಹೇಳುವುದೇ ತಡ, ಮದುವೆ ಆಲ್ಬಮ್ಮಿನಲ್ಲಿ ಎಣ್ಣೆಗಪ್ಪಿನ ಮದುಮಗ ಸುಣ್ಣ ಬಳಿದುಕೊಂಡು ನಿಂತಿರುತ್ತಾನೆ. ಪಕ್ಕದಲ್ಲಿರುವ ಅಜ್ಜಿಗೆ ಒಂದು ಸುಕ್ಕೂ ಇಲ್ಲ. ಎಂಬತ್ತು ವರ್ಷ ಬಿಸಿಲಲ್ಲಿ ಗೇಯ್ದು ಸಂಪಾದಿಸಿದ ಮುಖವನ್ನು ಒಂದೇ ಕ್ಲಿಕ್ಕಿಗೆ ಇಸ್ತ್ರಿ ಮಾಡಿದ್ದಾರೆ. ಆಲ್ಬಮ್ ಬಂದಾಗ ಅಜ್ಜಿಯೇ ಕೇಳುತ್ತಾರೆ, ‘ಇವಳು ಯಾರ ಕಡೆಯವಳು?’

‘ಅದೆಲ್ಲ ಇರಲಿ, ಯಾವುದು ಹಾಕಲಿ ಸರ್?’ ಎಂದು ಪಟ್ಟುಹಿಡಿದರೆ ಹೇಳುತ್ತೇನೆ. ಮೊದಲ ವರ್ಷಕ್ಕೆ ಬೇಕಾದದ್ದು ವಾಲಿದ ದಿಗಂತ ನೆಟ್ಟಗೆ ಮಾಡುವುದು, ಅಂಚಿನಲ್ಲಿ ಇಣುಕಿದ ಯಾರದೋ ಮೊಣಕೈ ಕತ್ತರಿಸುವುದು, ಬೆಳಕು ಹೆಚ್ಚುಕಮ್ಮಿ ಮಾಡುವುದು, ಹಳದಿ ಬಲ್ಬಿನಡಿ ಕಾಮಾಲೆ ಬಂದಂತಾದ ಮುಖಕ್ಕೆ ವೈಟ್ ಬ್ಯಾಲೆನ್ಸ್ ಸರಿಪಡಿಸುವುದು. ಇಷ್ಟನ್ನು ಫೋನಿನ ಸ್ನ್ಯಾಪ್‌ಸೀಡ್ ಬಿಟ್ಟಿ ಮಾಡುತ್ತದೆ. ರಾ ತಿದ್ದಲು ಡಾರ್ಕ್‌ಟೇಬಲ್ ಇದೆ, ಅದೂ ಬಿಟ್ಟಿ. ಕ್ಯಾನನ್ ಕೊಂಡವರಿಗೆ ಕಂಪನಿಯವರೇ ಡಿಪಿಪಿ ಕೊಡುತ್ತಾರೆ, ನಿಕಾನ್ ಕೊಂಡವರಿಗೆ ಎನ್‌ಎಕ್ಸ್ ಸ್ಟುಡಿಯೊ. ವಿಡಿಯೊ ಗುರುಗಳು ಇವುಗಳ ಸುದ್ದಿ ಎತ್ತುವುದು ಅಪರೂಪ, ಬಿಟ್ಟಿ ಸಿಗುವುದರಲ್ಲಿ ಯಾರಿಗೂ ಕಮಿಷನ್ ಹುಟ್ಟುವುದಿಲ್ಲ ನೋಡಿ.

ಉಳಿದಿರುವುದು ಒಂದೇ ಕೆಲಸ, ಅದಕ್ಕೆ ಡಿಲೀಟ್ ಕೀ ಸಾಕು. ಒಂದೇ ಮಿಂಚುಳ್ಳಿಯ ನಾನೂರು ಚಿತ್ರಗಳ ಮುಂದೆ ಕೂತು, ಒಂದೊಂದನ್ನೂ ನೋಡಿ, ಯಾವುದು ಯಾಕೆ ಕೆಟ್ಟಿತೆಂದು ಒಪ್ಪಿಕೊಂಡು, ಮುನ್ನೂರ ತೊಂಬತ್ತೊಂಬತ್ತನ್ನು ಅಳಿಸುವುದು. ಕ್ಯಾಮೆರಾ ಕೊಂಡವನ ಇಷ್ಟು ದಿನದ ವಿಚಾರಣೆಯೆಲ್ಲ ಈ ಒಂದು ಕೂರುವಿಕೆಯನ್ನು ತಪ್ಪಿಸಿಕೊಳ್ಳಲಿಕ್ಕೇ. ಆದರೆ ಅವನೇಕೆ ಕೂರಬೇಕು? ಮಸುಕಾದದ್ದು, ಕಣ್ಣು ಮುಚ್ಚಿದ್ದು, ಒಂದೇ ತರಹದ್ದು ಎಲ್ಲವನ್ನೂ ಎಐ ತಾನೇ ನೋಡಿ, ಒಳ್ಳೆಯದನ್ನು ಆರಿಸಿ ಮುಂದಿಡುವ ಸಾಫ್ಟ್‌ವೇರ್‌ಗಳೂ ಈಗ ಬಂದಿವೆ. ತನ್ನ ಚಿತ್ರಗಳನ್ನು ತಾನು ನೋಡುವ ಕಷ್ಟವೂ ತಪ್ಪಿತು. ಬಾಡಿಗೆ ಬೇರೆ.