ದಲ್ಲಾಳಿ ಟಿ ಅವರಿಗೆ, ವಿರೂಪಾಕ್ಷಿಪುರದಿಂದ

ಮಹಾರಾಜಶ್ರೀ ಟಿ ಅವರ ಸನ್ನಿಧಿಗೆ,

ಚನ್ನಪಟ್ಟಣ ತಾಲ್ಲೂಕು ವಿರೂಪಾಕ್ಷಿಪುರದಿಂದ, ಸಾಯಂಕಾಲದ ಹೊತ್ತು ಪಿಯುಸಿ ಹುಡುಗರಿಗೆ ಗಣಿತ ಹೇಳಿಕೊಡುವವನು ಮಾಡುವ ನಮಸ್ಕಾರಗಳು. ಇತ್ತ ನಾವು ಕ್ಷೇಮ. ತಮ್ಮ ಕ್ಷೇಮದ ಬಗ್ಗೆ ನನಗೇನೂ ಚಿಂತೆಯಿಲ್ಲ. ಎಕ್ಸ್ ಏರಲಿ ವೈ ಇಳಿಯಲಿ, ತಮ್ಮ ಕಮಿಷನ್ನಿಗೆ ಮೋಸವಿಲ್ಲ ಎಂಬುದು ಬಲ್ಲ ವಿಷಯ.

ದಲ್ಲಾಳಿ ಎಂದದ್ದಕ್ಕೆ ಬೇಸರ ಬೇಡ. ನಮ್ಮ ಕಡೆ ಅದು ಬೈಗುಳವೂ ಹೌದು, ಕಸುಬೂ ಹೌದು. ಹಸು, ಸೈಟು, ಎಳನೀರು, ಗಂಡು–ಹೆಣ್ಣು, ಯಾವುದೇ ಇರಲಿ, ಎರಡು ಪಾರ್ಟಿ ಮುಖ ಕೊಟ್ಟು ಮಾತಾಡದ ಕಡೆ ನಡುವೆ ಒಬ್ಬ ಟವೆಲ್ ಹಾಕಿಕೊಂಡು ನಿಂತಿರುತ್ತಾನೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಈಗ ರೀಲರುಗಳು ಮೊಬೈಲಿನಲ್ಲೇ ಹರಾಜು ಕೂಗುತ್ತಾರೆ, ದುಡ್ಡು ರೈತನ ಖಾತೆಗೆ ಬೀಳುತ್ತದೆ. ಅಂಥ ಕಾಲದಲ್ಲೂ ಎರಡನೇ ಪಿಯುಸಿ ಗಣಿತದ ಐದನೇ ಅಧ್ಯಾಯದಲ್ಲಿ, ಎಕ್ಸ್ ಮತ್ತು ವೈ ನಡುವೆ, ಪ್ಯಾರಾಮೀಟರ್ ಎಂಬ ಹೆಸರಿನಲ್ಲಿ ತಾವು ಅಲುಗಾಡದೆ ಕೂತಿದ್ದೀರಿ.

ತಾವು ಬರುವುದಕ್ಕೆ ಮುಂಚಿನ ಕೆಲವು ಪುಟ ನಮಗೆ ಹಾಯಾಗಿತ್ತು. ಎಕ್ಸ್ ವರ್ಗ ಕೂಡಿಸು ವೈ ವರ್ಗ ಸಮ 25. ಪುಸ್ತಕದಲ್ಲಿ ಇದಕ್ಕೆ ಇಂಪ್ಲಿಸಿಟ್ ಎಂದು ಹೆಸರು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಹುಡುಗಿಗೆ ಆ ಪದವೇ ಜ್ವರ ಬರಿಸುತ್ತದೆ. ಅವ್ಯಕ್ತ ಎಂದರೂ ಅವಳ ಮುಖ ಅರಳುವುದಿಲ್ಲ (ಭಾಸ್ಕರಾಚಾರ್ಯರು ಬೀಜಗಣಿತವನ್ನೇ ಅವ್ಯಕ್ತ ಗಣಿತ ಎಂದಿದ್ದರು, ಅದು ಬೇರೆ ಮಾತು). ಜಂಟಿ ಖಾತೆ ಅಂದೆ. ತಕ್ಷಣ ಇಡೀ ಬೆಂಚಿಗೆ ಅರ್ಥವಾಯಿತು. ಪಹಣಿಯಲ್ಲಿ ಇಬ್ಬರ ಹೆಸರೂ ಇದೆ, ಯಾರ ಪಾಲು ಎಲ್ಲಿಂದ ಎಲ್ಲಿಗೆ ಎಂಬುದಿಲ್ಲ. ಪೋಡಿ ಮಾಡಿಸಲು ಹೋದರೆ ವರ್ಗಮೂಲ ಬರುತ್ತದೆ, ಅದರ ಹಿಂದೆ ಪ್ಲಸ್ಸು ಮೈನಸ್ಸು, ಇದ್ದೊಂದು ವೃತ್ತ ಮೇಲರ್ಧ ಕೆಳಗರ್ಧ ಆಗುತ್ತದೆ. ಸೈನ್ ವರ್ಗ ವೈಗೆ ಕಾಸ್ ಎಕ್ಸ್‌ವೈ ಕೂಡಿಸಿಟ್ಟರಂತೂ ಯಾವ ಸರ್ವೇಯರೂ ಬಿಡಿಸಲಾರ. ಬಿಡಿಸುವುದೇ ಬೇಡ, ಜಂಟಿಯಲ್ಲಿ ಇದ್ದಂತೆಯೇ ಎರಡೂ ಕಡೆ ಅವಕಲಿಸು, ವೈಯನ್ನು ಅವಕಲಿಸಿದಲ್ಲೆಲ್ಲ ಪಕ್ಕದಲ್ಲಿ ಡಿವೈ ಬೈ ಡಿಎಕ್ಸ್ ಬರಿ, ಅಷ್ಟೇ. ನಮ್ಮ ವೃತ್ತಕ್ಕೆ ಬರುವುದು ಮೈನಸ್ ಎಕ್ಸ್ ಬೈ ವೈ. ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ಲೇಥಿನ ಮೇಲೆ ತಿರುಗುವ ಆಲೆ ಮರದ ತುಂಡಿಗೆ ಉಳಿ ಮುಟ್ಟಿಸುವವನು 3, 4 ಎಂಬ ಬಿಂದುವಿನಲ್ಲಿ ಎಷ್ಟು ಓರೆ ಹಿಡಿಯಬೇಕು? ಮೈನಸ್ ಮುಕ್ಕಾಲು. ಅವನು ಯಾವತ್ತೂ ವರ್ಗಮೂಲ ತೆಗೆದವನಲ್ಲ.

ಈ ಜಂಟಿಯ ತಕರಾರು ಹಳೆಯದು. 1638ರಲ್ಲಿ ಡೆಕಾರ್ಟೆ ಎಂಬಾತ ಎಕ್ಸ್ ಘನ, ವೈ ಘನ ಕೂಡಿಸಿ 3ಎ ಎಕ್ಸ್‌ವೈಗೆ ಸಮ ಮಾಡಿ, ತಾಕತ್ತಿದ್ದರೆ ಇದಕ್ಕೆ ಸ್ಪರ್ಶರೇಖೆ ಎಳೆ ಎಂದು ಫರ್ಮಾ ಎಂಬ ಇನ್ನೊಬ್ಬ ಗಣಿತಜ್ಞನಿಗೆ ಸವಾಲು ಹಾಕಿದ. ಫರ್ಮಾ ಎಳೆದ. ಅವರೂ ಜಗಳವಾಡಿದ್ದು ಪತ್ರದಲ್ಲೇ.

ಆಮೇಲೆ ತಮ್ಮ ಸವಾರಿ ಬಂತು. ಎಕ್ಸ್ ಸಮ ಎಟಿ ವರ್ಗ, ವೈ ಸಮ 2ಎಟಿ. ಇಬ್ಬರಿಗೂ ಈಗ ಮಾತಿಲ್ಲ ಕತೆಯಿಲ್ಲ, ಇಬ್ಬರೂ ತಮ್ಮ ಕಿವಿಯಲ್ಲೇ ಹೇಳಬೇಕು. ತಮ್ಮ ಲೆಕ್ಕದಲ್ಲಿ ವೈ ಬದಲಾಗುವ ದರ 2ಎ, ಎಕ್ಸ್ ಬದಲಾಗುವ ದರ 2ಎಟಿ, ಭಾಗಿಸಿದರೆ 1 ಬೈ ಟಿ. ವ್ಯವಹಾರ ಮುಗಿಯಿತು, ಎಕ್ಸೂ ಇಲ್ಲ, ವೈಯೂ ಇಲ್ಲ, ದಲ್ಲಾಳಿ ಮಾತ್ರ ಜಗಲಿ ಬಿಟ್ಟು ಏಳುತ್ತಿಲ್ಲ. ಪ್ರತಿ ವರ್ಷವೂ ಒಬ್ಬ ಹುಡುಗ ಎದ್ದು ನಿಂತು ಕೇಳುತ್ತಾನೆ: "ಸಾ, ಆನ್ಸರ್‌ನಲ್ಲಿ ಟಿ ಹಂಗೇ ಉಳ್ಕೊಂಡೈತೆ. ತಗೀಬೇಕಾ, ಬಿಡ್ಬೋದಾ?" ಬಿಡಪ್ಪ, ಅಂತೀನಿ. ಊರಿನವರೆಲ್ಲ ಸೇರಿ ಎಬ್ಬಿಸಲಾಗದವರನ್ನು ನೀನೊಬ್ಬ ಎಬ್ಬಿಸುತ್ತೀಯಾ?

ಇಷ್ಟಾದರೂ ಸಹಿಸಬಹುದಿತ್ತು. ಎರಡನೇ ನಿಷ್ಪನ್ನ ಕೇಳಿದಾಗ ತಾವು ಮಾಡುವುದಿದೆಯಲ್ಲ, ಅದು ಅನ್ಯಾಯ. ಹುಡುಗರು ನ್ಯಾಯವಾಗಿ ಯೋಚಿಸುತ್ತಾರೆ: ಮೊದಲ ಸಲ ಮೇಲಿನದನ್ನು ಕೆಳಗಿನದರಿಂದ ಭಾಗಿಸಿದೆವು, ಈ ಸಲವೂ ಹಾಗೇ. ವೈಯನ್ನು ತಮ್ಮ ಲೆಕ್ಕದಲ್ಲಿ ಎರಡು ಸಲ ಅವಕಲಿಸಿದರೆ ಸೊನ್ನೆ, ಎಕ್ಸನ್ನು ಎರಡು ಸಲ ಅವಕಲಿಸಿದರೆ 2ಎ, ಉತ್ತರ ಸೊನ್ನೆ. ಸೊನ್ನೆ ಎಂದರೆ ಬಾಗೇ ಇಲ್ಲ. ಹಿಪ್ಪುನೇರಳೆ ತೋಟಕ್ಕೆ ಪೈಪಿನಿಂದ ಚಿಮ್ಮುವ ನೀರಿನ ಪ್ಯಾರಾಬೋಲ ಉತ್ತರಪತ್ರಿಕೆಯಲ್ಲಿ ಬಡಿಗೆಯಂತೆ ನೆಟ್ಟಗಾಗುತ್ತದೆ! ಸರಿಯಾದ ದಾರಿಯೇನು? 1 ಬೈ ಟಿಯನ್ನು ತಮ್ಮ ಲೆಕ್ಕದಲ್ಲಿ ಅವಕಲಿಸಿ ಮೈನಸ್ 1 ಬೈ ಟಿ ವರ್ಗ ಮಾಡಿಕೊಂಡು, ಅದನ್ನು ಮತ್ತೆ 2ಎಟಿಯಿಂದ ಭಾಗಿಸಬೇಕು. ಮೈನಸ್ 1 ಬೈ 2ಎ ಟಿ ಘನ. ಅಂದರೆ ಒಂದೇ ಹಸುವಿನ ವ್ಯವಹಾರದಲ್ಲಿ ಎರಡನೇ ಮಾತಿಗೆ ಎರಡನೇ ಕಮಿಷನ್. ಇದನ್ನು ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇ?

ಹೀಗೆಲ್ಲ ಬರೆದು ಪತ್ರ ಮಡಿಸಿಡುವಷ್ಟರಲ್ಲಿ ಮನೆಯಲ್ಲಿ ಸಾಕಿದ ರೇಷ್ಮೆ ಹುಳು ಹಣ್ಣಾದವು. ಪೊರೆ ಕಳಚುವ ನಾಲ್ಕು ಜ್ವರ ಎದ್ದು, ಏಳೆಂಟು ದಿನ ಸೊಪ್ಪು ಮೇಯ್ದು, ಮೈ ಪಾರದರ್ಶಕವಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಹಾಕಿದೆವು. ರಾತ್ರಿ ಎದ್ದು ಟಾರ್ಚ್ ಬಿಟ್ಟು ನೋಡಿದೆ. ಬಿದಿರಿನ ಸುರುಳಿ ಪಟ್ಟಿಯ ಸಂದಿನಲ್ಲಿ ಒಂದು ಹುಳು ತೆಳ್ಳಗಿನ ಪರದೆಯೊಳಗೆ ತಲೆಯಾಡಿಸುತ್ತಿತ್ತು. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು, ನಡುವೆ ದಾಟು. ಇಂಗ್ಲಿಷಿನ 8 ಮಲಗಿಸಿದ ಹಾಗೆ.

ಮನಸ್ಸು ತಡೆಯದೆ ಗೋಡೆಯ ಕ್ಯಾಲೆಂಡರಿನ ಹಿಂದೆ ಒಂದು 8ರ ಜಂಟಿ ಖಾತೆ ಬರೆದೆ: ವೈ ವರ್ಗ ಸಮ ಎಕ್ಸ್ ವರ್ಗ ಮೈನಸ್ ಎಕ್ಸ್ ಘಾತ 4. ಹುಳುವಿನದು ಇದೇ ಅಳತೆಯ 8 ಎಂದು ನನ್ನ ವಾದವಲ್ಲ. ಅವಕಲಿಸಿದೆ. ಎಕ್ಸ್ ಮೈನಸ್ 2 ಎಕ್ಸ್ ಘನ, ಬೈ ವೈ. ಎಳೆ ಎಳೆಯನ್ನು ದಾಟುವ ನಡುಬಿಂದುವಿನಲ್ಲಿ ಬೆಲೆ ಹಾಕಿದರೆ ಸೊನ್ನೆ ಬೈ ಸೊನ್ನೆ. ಜಂಟಿ ಖಾತೆ ಬಾಯಿ ಮುಚ್ಚಿಕೊಂಡಿತು. ಅಲ್ಲಿ ಎರಡು ದಾರಿ ಸೇರುತ್ತವೆ, ಯಾವುದರ ಓರೆ ಹೇಳಲಿ ಎಂದು ಅದಕ್ಕೇ ಗೊತ್ತಿಲ್ಲ.

ಒಲ್ಲದ ಮನಸ್ಸಿನಿಂದ ತಮ್ಮನ್ನು ಕರೆದೆ. ಎಕ್ಸ್ ಸಮ ಸೈನ್ ಟಿ, ವೈ ಸಮ ಸೈನ್ ಟಿ ಕಾಸ್ ಟಿ. ಓರೆ ಎಂದರೆ ಕಾಸ್ 2ಟಿ ಬೈ ಕಾಸ್ ಟಿ. ಟಿ ಸೊನ್ನೆಯಾದಾಗ 1. ಟಿ ಪೈ ಆದಾಗ, ಅದೇ ಜಾಗದಲ್ಲಿ, ಮೈನಸ್ 1. ಹುಳು ಒಂದೇ ಬಿಂದುವನ್ನು ಎರಡು ಸಲ ದಾಟಿತು, ಮೊದಲ ಸಲ ಹತ್ತುತ್ತಾ ಬಲಕ್ಕೆ, ಎರಡನೇ ಸಲ ಹತ್ತುತ್ತಾ ಎಡಕ್ಕೆ. ಎಲ್ಲಿ ಎಂಬುದು ಖಾತೆಯಲ್ಲಿತ್ತು, ಯಾವಾಗ ಎಂಬುದು ತಮ್ಮ ಹತ್ತಿರ ಮಾತ್ರ ಇತ್ತು.

ಆ ಹುಳು ಎರಡು ಮೂರು ದಿನ ಬಿಡದೆ ನೇಯ್ದು ಗೂಡು ಮುಚ್ಚಿಕೊಂಡಿತು. ಮಾರುಕಟ್ಟೆಯಲ್ಲಿ ಗೂಡಿನ ಆಕಾರ ನೋಡುತ್ತಾರೆ, ತೂಕ ನೋಡುತ್ತಾರೆ, ನಿಜ. ಆದರೆ ರೀಲರ್ ಅದನ್ನು ಬಿಸಿನೀರಿಗೆ ಹಾಕಿ, ಎಳೆಯ ತುದಿ ಹಿಡಿದು, ಹುಳು ಕೊನೆಗೆ ಬಿಟ್ಟ ಕಡೆಗೆ ಹೊರಗಿನಿಂದ ಒಳಕ್ಕೆ ಬಿಚ್ಚುತ್ತಾ ಹೋಗುತ್ತಾನಲ್ಲ, ಅವನು ಬಿಚ್ಚುವುದು ತಮ್ಮನ್ನೇ. ಕಳೆದ ಬೆಳೆಯಲ್ಲಿ ನಾಲ್ಕು ಗೂಡು ಮೂಲೆಯಲ್ಲಿ ಮರೆತುಹೋಗಿ ಚಿಟ್ಟೆ ತೂತು ಮಾಡಿಕೊಂಡು ಹೊರಬಂದಿತ್ತು. ಆಕಾರ ಅದೇ, ಸಮೀಕರಣ ಅದೇ. ಎಳೆ ನೂರು ಕಡೆ ತುಂಡು. ನೂಲು ಬಿಚ್ಚುವವರು ಯಾರೂ ಅದನ್ನು ಮುಟ್ಟಲಿಲ್ಲ, ನನ್ನ ಮಗಳು ಅದರಲ್ಲಿ ಹಾರ ಮಾಡಿದಳು.

ಇಂತಿ ತಮ್ಮ ವಿಧೇಯ,
ವಿರೂಪಾಕ್ಷಿಪುರದ ಗಣಿತದ ಮೇಷ್ಟ್ರು

ತಾ.ಕ.: ಮೇಲೆ ಬೈದದ್ದನ್ನು ಹೊಡೆದುಹಾಕಿಲ್ಲ, ಮಸಿ ದಂಡ. ಸೋಮವಾರ ಎರಡನೇ ನಿಷ್ಪನ್ನದ ಮೇಲೆ ಟೆಸ್ಟ್ ಇಟ್ಟಿದ್ದೇನೆ. ಎರಡನೇ ಕಮಿಷನ್ ದಯವಿಟ್ಟು ಕೇಳಿ ಪಡೆಯಿರಿ. ಕಳೆದ ಸಲ ಹನ್ನೊಂದು ಜನ ಕೊಡದೆ ಹೋಗಿದ್ದಾರೆ.