ಲಾಡ್ಜು ಯಾಕ ಬೇಕ್ರೀ?

ಧಾರವಾಡದ ಯಾವ ಓಣಿಗೆ ಹೋದರೂ ಇಂಥ ಒಬ್ಬ ಕಾಕಾ ಸಿಗುತ್ತಾರೆ. ಬ್ಯಾಂಕಿನಿಂದ ನಿವೃತ್ತಿ, ಹಳೇ ಬಿಳಿ ಮಾರುತಿ, ದೀಪಾವಳಿ ಮುಗಿದದ್ದೇ ತಡ ‘ಸಮುದ್ರದ ಕಡೆ ಒಂದ್ ರೌಂಡು’. ಲಾಡ್ಜಿನ ಹೆಸರೆತ್ತಿದರೆ ಮಾತ್ರ ಸಿಟ್ಟು ನೆತ್ತಿಗೇರುತ್ತದೆ. “ನಮ್ಮ ಮಂದಿ ಇರೂ ಊರಾಗ ರೊಕ್ಕಾ ಕೊಟ್ಟು ಮಲಗೂದಾ?”

ನಮ್ಮ ಮಂದಿಗೆ ಬರವೂ ಇಲ್ಲ. ಉತ್ತರ ಕನ್ನಡದ ಪದವಿ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯದ ಅಧೀನ. ಆ ಕಡೆಯ ಹುಡುಗರು ಎಂ.ಎ.ಗೆ ಘಟ್ಟ ಹತ್ತಿ ಧಾರವಾಡಕ್ಕೆ ಬರುತ್ತಿದ್ದರು. ಹಾಸ್ಟೆಲಿನಲ್ಲಿ ಕಾಕಾನ ಚಹಾಪುಡಿ ಖಾಲಿ ಮಾಡಿದವರು ಈಗ ಅಂಕೋಲೆ, ಕುಮಟೆ, ಹೊನ್ನಾವರಗಳಲ್ಲಿ ಮನೆ ಕಟ್ಟಿಕೊಂಡು ಕೂತಿದ್ದಾರೆ. ಸಾಲ ವಸೂಲಿ ಬ್ಯಾಂಕಿನವರಿಗೆ ಹೇಳಿಕೊಡಬೇಕೆ?

ಡಿಕ್ಕಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮನೆಗೊಂದರ ಲೆಕ್ಕದಲ್ಲಿ ಪೇಡೆ ಡಬ್ಬಿ. ಲೆಕ್ಕ ತಪ್ಪುವುದು ಯಲ್ಲಾಪುರದಲ್ಲಿ. ಚಹಾದಂಗಡಿಯಿಂದ ಯಾರೋ “ಸಾಹೇಬ್ರ!” ಎಂದು ಕೂಗುತ್ತಾರೆ. ಕೂಡಲೇ ಕಾಕೂ ಡಿಕ್ಕಿಯ ಮರೆಗೆ ಸರಿದು, ಚೀಲದಿಂದ ಖಾಲಿ ಡಬ್ಬಿ ತೆಗೆದು, ಒಂದರ ಪೇಡೆಯನ್ನು ಎರಡಕ್ಕೆ ಹಂಚಿ, ತಳದಲ್ಲಿ ಕಾಗದ ಮಡಚಿಟ್ಟು ಎತ್ತರ ಸರಿಮಾಡಿ, ಮೇಲೆ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಕಾಗದ ಸಿಕ್ಕವರು ಈವರೆಗೆ ದೂರಿಲ್ಲ. ಊರಿಗೆ ಹೋಗುವಾಗ ಅವರ ಮನೆಯವರೂ ಅದನ್ನೇ ಮಾಡಿರಬೇಕು.

ಹುಬ್ಬಳ್ಳಿಯಿಂದ ಅಂಕೋಲೆಗೆ ಸುಮಾರು 130 ಕಿಲೋಮೀಟರ್. ಕಾಕಾನಿಗೆ ಒಂದೂವರೆ ದಿನ. ಅರಬೈಲ್ ಘಟ್ಟದಲ್ಲಿ ತುಂಬಿದ ಲಾರಿಗಳೂ ಹಾರ್ನ್ ಬಾರಿಸಿ ಮುಂದೆ ಹೋಗುತ್ತವೆ. ನಮಸ್ಕಾರ ಹೇಳಿದರೆಂದು ತಿಳಿದು ಕಾಕಾ ಕೈ ಎತ್ತುತ್ತಾರೆ.

ಇವರು ಬರುತ್ತಾರೆಂದರೆ ಕುಮಟೆಯ ಗೆಳೆಯನ ಅಡುಗೆಮನೆಯಿಂದ ಬಂಗುಡೆ ಗಡೀಪಾರು. ಆತ ಮನೆ ಖಾಲಿ ಮಾಡಿಸಲೆಂದೇ ಇವರನ್ನು ಮಿರ್ಜಾನ ಕೋಟೆಗೆ ಕರೆದೊಯ್ಯುತ್ತಾನೆಂಬ ಗುಮಾನಿ ನನಗಿದೆ. ಜಂಬಿಟ್ಟಿಗೆಯ ಗೋಡೆಗೆ ಒರಗಿ ಕಾಕಾ ಚೆನ್ನಭೈರಾದೇವಿಯ ಕಥೆ ಕೇಳುತ್ತಾರೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದದ್ದು, ಆಕೆ 54 ವರ್ಷ ಆಳಿದ್ದು. “54! ನಮ್ಮನ್ನ 60 ತುಂಬಿದ ದಿನಾನ ಮನಿಗೆ ಕಳಿಸಿಬಿಟ್ರಲ್ಲೋ.” ಇತಿಹಾಸ ಅಲ್ಲಿಗೆ ಮುಗಿದು ಪೆನ್ಶನ್ ಶುರು.

ಆದರೆ ಕಾರವಾರದ ಕಡಲ ದಂಡೆಯಲ್ಲಿ ಅವರು ವಾದಕ್ಕೇ ನಿಲ್ಲುತ್ತಾರೆ. 1880ರ ದಶಕದಲ್ಲಿ ರವೀಂದ್ರನಾಥ ಟಾಗೋರರು ಬಂದದ್ದು ಇಲ್ಲಿಗೇ. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ನ್ಯಾಯಾಧೀಶರು. “ಎಲ್ಲಿ ಇಳದಿದ್ರು? ಅಣ್ಣನ ಮನ್ಯಾಗ! ಅದಕ್ಕ ನಾಟಕಾ ಬರ್ಯಾಕ ಆತು. ಲಾಡ್ಜಿನ್ಯಾಗ ಇದ್ದಿದ್ರ ಬಿಲ್ ನೋಡ್ಕೋತ ಕೂಡಬೇಕಾಗ್ತಿತ್ತು.”

ಕಳೆದ ಸಲ ಹೊನ್ನಾವರ ದಾಟಿದ ಮೇಲೆ ಕಾಕೂ ಮೆಲ್ಲಗೆ ಮುರ್ಡೇಶ್ವರದ ಮಾತು ತೆಗೆದರು. ಸಮುದ್ರಕ್ಕೆ ಬೆನ್ನು ಹಾಕಿ ಕೂತ 123 ಅಡಿಯ ಶಿವ, ಇಷ್ಟು ವರ್ಷವಾದರೂ ನೋಡಿಲ್ಲ.

“ಅಲ್ಲಿ ನಮಗ ಗುರುತಿನವರು ಯಾರ ಅದಾರ?”

“ಶಿವಾನ ಅದಾನಲ್ರೀ.”

“ಅವನ ಗುರುತು ಎಲ್ಲಾರಿಗೂ ಐತಿ,” ಎಂದು ಕಾಕಾ ಗಾಡಿ ತಿರುಗಿಸಿದರು. “ಊಟಕ್ಕ ಏಳ್ರೀ ಅನ್ನಾಂವ ಬೇಕಲ್ಲ?”